ಹಲ್ಲು ಹೇಳಿದ ಊರು

ಮಂದಾರಳಿಗಿದ್ದ ಚಿಂತೆ ತೀರ ಸಣ್ಣದು. ಯಾರಿಗಾದರೂ ಹೇಳಿದರೆ ನಕ್ಕುಬಿಡುವಂಥದ್ದು. ಹಲ್ಲು ಕೀಳುವಾಗ ವೈದ್ಯರು ನೋಯುತ್ತಿದೆಯೇ ಎಂದು ಕೇಳುತ್ತಾರೆ, ಎಷ್ಟೇ ನೋಯುತ್ತಿದ್ದರೂ ತಾನು ಇಲ್ಲ ಎಂದುಬಿಡುತ್ತೇನೆ. ಇಷ್ಟೇ. ಹಿಂದಿನ ದಿನ ಡೈರಿಯಲ್ಲಿ ಇದನ್ನೇ ಬರೆದುಕೊಂಡು, ಬರೆದದ್ದನ್ನು ಓದಿ, ತನ್ನ ಮೇಲೆ ತನಗೇ ಕನಿಕರವೂ ಸಿಟ್ಟೂ ಬಂದು ಪುಟ ಮಗುಚಿದ್ದಳು. ಅವಳು ಇದ್ದದ್ದೇ ಹಾಗೆ. ಅಂಗಡಿಯವನು ಅಳತೆ ತಪ್ಪಿದ ಬೂಟು ಕೊಟ್ಟರೆ ಅದನ್ನೇ ಹಾಕಿಕೊಂಡು ಕುಂಟುತ್ತ ಬರುವವಳು. ಟ್ರಾಮಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಕ್ಷಮೆ ಕೇಳುವವಳು. ಪದವಿ ಮುಗಿಸಿ ನಗರದ ದಾಖಲೆ ಭಂಡಾರದಲ್ಲಿ ಕೆಲಸಕ್ಕೆ ಸೇರಿದ ಮೇಲೆ, ತಿರುಗಿ ಮಾತಾಡದ ಹಳೆಯ ಕಾಗದಗಳ ನಡುವೆ ಅವಳಿಗೆ ಹಾಯೆನಿಸಿತ್ತು.

ಕೊನೆಗೆ ಆದದ್ದೂ ಹಾಗೆಯೇ. ನೆಲೆ ಇಲಾಖೆಯ ದಂತವೈದ್ಯೆ ಕೆಳದವಡೆಯ ಬುದ್ಧಿಹಲ್ಲನ್ನು ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸುತ್ತ, "ನೋವಾಗುತ್ತಿದೆಯಾ?" ಎಂದು ಕೇಳಿದಳು. ಮಂದಾರಳ ಕಣ್ಣಿನ ನೀರು ಜಾರಿ ಕಿವಿಯೊಳಕ್ಕೆ ಇಳಿಯುತ್ತಿತ್ತು. ಅವಳು ಇಲ್ಲವೆಂದು ಕೈಯಾಡಿಸಿದಳು.

ಹೆಲ್ಮೋರ್ ದ್ವೀಪದಲ್ಲಿ ಇಪ್ಪತ್ತೊಂದು ತುಂಬಿದ ವಲಸಿಗರ ಮಕ್ಕಳೆಲ್ಲ ಕೊಡಲೇಬೇಕಾದ ಹಲ್ಲು ಅದು. ಅಲ್ಲಿಯವರೆಗೆ ಅಪ್ಪ ಅಮ್ಮನ ಖಾಯಂ ವಾಸದ ನೆರಳಿನಲ್ಲಿ ಬೆಳೆದವರು ಆ ವಯಸ್ಸಿಗೆ ತಮ್ಮ ವಾಸವನ್ನು ತಾವೇ ರುಜುವಾತು ಮಾಡಬೇಕು. ಚಿಕ್ಕಂದಿನಲ್ಲೇ ಬಂದೆ, ಬೆಳೆದದ್ದೆಲ್ಲ ಇಲ್ಲೇ, ನಡುವೆ ಎಲ್ಲಿಗೂ ಹೋಗಿ ನೆಲೆಸಲಿಲ್ಲ ಎಂದು ತೋರಿಸಬೇಕು. ಹಿಂದೆ ಇದಕ್ಕೆ ಶಾಲೆಯ ಪ್ರಮಾಣಪತ್ರ, ಲಸಿಕೆಯ ಚೀಟಿ, ಹುಟ್ಟುಹಬ್ಬದ ಫೋಟೋ ಸಾಕಾಗುತ್ತಿತ್ತಂತೆ. ಆಮೇಲೆ ಯಂತ್ರಗಳು ಯಾರ ಬಾಲ್ಯವನ್ನು ಬೇಕಾದರೂ ಕೂತಲ್ಲೇ ತಯಾರಿಸಿಕೊಡತೊಡಗಿದವು. ಎಂದೂ ಇರದ ಮೇಷ್ಟ್ರ ಸಹಿ, ಎಂದೂ ಇರದ ಗೆಳತಿಯರ ನಡುವೆ ಕೇಕು ಕತ್ತರಿಸುವ ವಿಡಿಯೊ, ಎಂದೂ ಬಾರದ ಜ್ವರಕ್ಕೆ ಆಸ್ಪತ್ರೆಯ ರಸೀದಿ. ಅಸಲಿ ನಕಲಿ ಹೇಳುತ್ತೇವೆಂದು ಬಂದ ಯಂತ್ರಗಳೂ ಸೋತವು. ಸಾಕ್ಷಿ ಹೇಳುವವರಂತೂ ಬಾಡಿಗೆಗೆ ಸಿಗುತ್ತಿದ್ದರು. ಕೊನೆಗೆ ಸರ್ಕಾರ ಕಾಗದವನ್ನೂ ನಂಬುವುದಿಲ್ಲ, ಮಾತನ್ನೂ ನಂಬುವುದಿಲ್ಲ, ದೇಹವನ್ನು ಮಾತ್ರ ನಂಬುತ್ತೇನೆ ಎಂದಿತು. ದೇಹದಲ್ಲೂ ಹಲ್ಲನ್ನು.

ಮಂದಾರಳಿಗೆ ಇದರಲ್ಲಿ ಅಂಜಿಕೆಯೇನೂ ಇರಲಿಲ್ಲ. ಮೂರನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ತುರುವೇಕೆರೆಯ ಕಡೆಯ ಹಳ್ಳಿಯಿಂದ ಬಂದವಳು ಮತ್ತೆ ಒಮ್ಮೆಯೂ ಹೆಲ್ಮೋರ್ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ. ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ ಅಪ್ಪ ಅವಳ ಏಳನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಇಲ್ಲೇ ಮಣ್ಣಾಯಿತು. ಊರಿಗೆ ಹೋಗಲು ಅಮ್ಮನ ಕೈಯಲ್ಲಿ ಆಗಲಿಲ್ಲ. ಆದ್ದರಿಂದ ಅವಳ ಹಲ್ಲು ಏನು ಹೇಳುತ್ತದೆ ಎಂಬುದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಪ್ರಯೋಗಾಲಯದಲ್ಲಿ ಹಲ್ಲನ್ನು ಓದುವವನು ಇಂಗ್ವಾರ್ ಎಂಬ ನಡುವಯಸ್ಸಿನ ಮನುಷ್ಯ. ಅವಳ ಹಲ್ಲನ್ನು ಬೆಣ್ಣೆಯ ಹಾಗೆ ತೆಳ್ಳಗೆ ಸೀಳಿ ಗಾಜಿನ ಮೇಲಿಟ್ಟಿದ್ದ. ಸುಮ್ಮನೆ ಕೂತವಳನ್ನು ಕಂಡು ಅವನಿಗೇ ಮುಜುಗರವಾಯಿತೇನೋ, ಕೇಳದೆಯೇ ವಿವರಿಸತೊಡಗಿದ.

"ಬುದ್ಧಿಹಲ್ಲಿನ ಮೇಲಿನ ಬಿಳಿಯ ಹೊದಿಕೆ ಎಂಟನೇ ವಯಸ್ಸಿನಿಂದ ಹದಿನಾಲ್ಕರ ತನಕ ಪದರಪದರವಾಗಿ ಕಟ್ಟುತ್ತದೆ. ಮರದ ಉಂಗುರಗಳ ಹಾಗೆ. ಒಮ್ಮೆ ಕಟ್ಟಿದ್ದು ಸಾಯುವ ತನಕ ಬದಲಾಗುವುದಿಲ್ಲ. ನೀವು ತಿಂದದ್ದರಲ್ಲಿ ಕ್ಯಾಲ್ಸಿಯಂ ಇರುತ್ತದಲ್ಲ, ಅದರ ಬೆನ್ನಿಗೆ ಸ್ಟ್ರಾನ್ಷಿಯಂ ಎಂಬ ದಾಯಾದಿಯೂ ಬರುತ್ತಾನೆ. ದೇಹಕ್ಕೆ ಇಬ್ಬರ ಗುರುತು ಹತ್ತುವುದಿಲ್ಲ. ಒಬ್ಬನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿಬಿಡುತ್ತದೆ."

"ಅವನು ಊರಿನ ಹೆಸರು ಹೇಳುತ್ತಾನಾ?" ಮಂದಾರ ಮೆಲ್ಲಗೆ ಕೇಳಿದಳು. ಇಂಗ್ವಾರ್ ನಕ್ಕ.

"ಬಂಡೆಯ ವಯಸ್ಸು ಹೇಳುತ್ತಾನೆ. ಸ್ಟ್ರಾನ್ಷಿಯಂನಲ್ಲಿ ಭಾರದ್ದೂ ಇದೆ, ಹಗುರದ್ದೂ ಇದೆ. ಬಂಡೆ ಹಳೆಯದಾದಷ್ಟೂ ಭಾರದ್ದು ಹೆಚ್ಚು. ಮಣ್ಣಿಂದ ಪೈರಿಗೆ, ಪೈರಿನಿಂದ ಹಲ್ಲಿಗೆ ಅದೇ ಲೆಕ್ಕ ಬರುತ್ತದೆ. ನಮ್ಮ ದ್ವೀಪ ಮೊನ್ನೆ ಮೊನ್ನೆ ಸಮುದ್ರದಿಂದ ಉಕ್ಕಿ ಬಂದ ಲಾವಾ. ಭೂಮಿಯ ಮೇಲಿನ ಕೂಸು. ಇಲ್ಲಿ ಬೆಳೆದವರ ಹಲ್ಲು ಜಗತ್ತಿನಲ್ಲೇ ಬೇರೆ."

"ನೀರು?"

"ನಾವು ಕುಡಿಯುವುದು ಸಮುದ್ರದ ನೀರನ್ನು ಸೋಸಿದ್ದು. ಅದರಲ್ಲಿ ಏನೂ ಇರುವುದಿಲ್ಲ, ಅದು ಯಾವ ಸುದ್ದಿಯನ್ನೂ ಹೇಳುವುದಿಲ್ಲ. ಹೇಳುವುದೆಲ್ಲ ಊಟವೇ."

ಅವನು ಗುಂಡಿಯೊತ್ತಿದ. ಸೂಜಿಯಷ್ಟು ಸಣ್ಣ ಬೆಳಕು ಹಲ್ಲಿನ ಸೀಳಿನ ಮೇಲೆ ಒಳಗಿನಿಂದ ಹೊರಕ್ಕೆ ಹರಿಯಿತು. ಪರದೆಯ ಮೇಲೆ ಗೆರೆಯೊಂದು ಏಳತೊಡಗಿತು. ಇಂಗ್ವಾರ್ ಇನ್ನೂ ನಗುತ್ತಲೇ ಇದ್ದ. ಗೆರೆ ಹೆಲ್ಮೋರಿನವರಿಗೆಂದು ಹಸಿರು ಬಳಿದ ಪಟ್ಟಿಯನ್ನು ದಾಟಿತು, ಅದರ ಮೇಲಿನ ಹಳದಿಯನ್ನೂ ದಾಟಿತು. ಅವನ ನಗು ಹಾಗೆಯೇ ಮುಖದ ಮೇಲೆ ಉಳಿದು ಹಳಸಿತು. ಯಂತ್ರವನ್ನು ನಿಲ್ಲಿಸಿ, ಗಾಜನ್ನು ಒರೆಸಿ, ಮತ್ತೆ ಓಡಿಸಿದ. ಮತ್ತೆ ಅದೇ ಗೆರೆ.

ಪಕ್ಕದ ಪರದೆಯಲ್ಲಿ ಭೂಪಟ ತೆರೆಯಿತು. ಕತ್ತಲೆಯ ಖಂಡಗಳ ಮೇಲೆ ಕೆಂಪು ಚುಕ್ಕೆ ಅತ್ತ ಇತ್ತ ತಡಕಾಡಿ, ಭಾರತದ ದಕ್ಷಿಣಕ್ಕೆ ಇಳಿದು, ಜಗತ್ತಿನ ಅತಿ ಹಳೆಯ ಬಂಡೆಗಳ ಬಯಲೊಂದರ ಮೇಲೆ ಕುಳಿತಿತು.

"ನೀವು ಎಂಟರಿಂದ ಹದಿನಾಲ್ಕರವರೆಗೆ ಇಲ್ಲಿರಲಿಲ್ಲ," ಎಂದ ಇಂಗ್ವಾರ್.

"ಇದ್ದೆನಲ್ಲ," ಎನ್ನಬೇಕೆಂದು ಮಂದಾರಳ ಬಾಯಿಗೆ ಬಂದಿತ್ತು. ಹಲ್ಲು ಕಿತ್ತ ಜಾಗದಲ್ಲಿ ಹತ್ತಿ ಇತ್ತು. ಅದೊಂದು ನೆಪವಾಯಿತು.

"ಇಲ್ಲಿ ನೋಡಿ," ಅವನು ಗೆರೆಯ ನಡುವಿನ ಒಂದು ಚೂಪು ಶಿಖರವನ್ನು ಮುಟ್ಟಿದ. "ಹನ್ನೆರಡು, ಹನ್ನೆರಡೂವರೆಯ ಹೊತ್ತಿಗೆ. ಇದು ಇದ್ದಕ್ಕಿದ್ದಂತೆ ಇನ್ನೂ ಮೇಲಕ್ಕೆ ಏರಿದೆ. ಆಗ ಏನಾಯಿತು? ಅಲ್ಲೇ ಬೇರೆ ಮನೆಗೆ ಹೋದಿರಾ?"

ಮಂದಾರ ನೆನಪು ಮಾಡಿಕೊಂಡಳು. ಹನ್ನೆರಡನೇ ವಯಸ್ಸು. ಥಟ್ಟನೆ ಅವಳ ಮುಖ ಕಿವಿಯವರೆಗೆ ಬಿಸಿಯಾಯಿತು. ಅದನ್ನು ಈ ಗಂಡಸಿನ ಎದುರು ಹೇಳುವುದಕ್ಕಿಂತ ಇನ್ನೊಂದು ಹಲ್ಲು ಕೀಳಿಸಿಕೊಳ್ಳುವುದು ಮೇಲೆನಿಸಿತು.

"ಗೊತ್ತಿಲ್ಲ," ಎಂದಳು.

ಆ ನಾಡಿನ ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ. ಕೆಲಸ ಮುಗಿಸಿ ಬಂದ ಅಮ್ಮ ಕಿಟಕಿಯ ಬಿಸಿಲಿಗೆ ಬೆನ್ನು ಹಾಕಿ, ಎರಡು ಕಾಲಿನ ನಡುವೆ ಪಾತ್ರೆ ಒತ್ತಿಕೊಂಡು ಮುದ್ದೆ ತಿರುವುತ್ತಿದ್ದಳು. ಕಲಾವತಿಯದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ. ಇಷ್ಟು ವರ್ಷವಾದರೂ ಆ ದೇಶದ ಭಾಷೆ ಅವಳ ನಾಲಗೆಗೆ ಹತ್ತಿರಲಿಲ್ಲ; ಬೈಗುಳ ಮಾತ್ರ ಚೆನ್ನಾಗಿ ಬರುತ್ತಿತ್ತು.

"ಏನೇನೋ ಬೆರ್ಸಿ ಮಾಡಿರೋ ಈ ಅಂಗ್ಡಿ ಹಿಟ್ಟಿಗೆ ರಾಗಿ ಅಂತ ಹೆಸ್ರಿಟ್ಟೋನು ಯಾವನೋ," ಎಂದು ಗೊಣಗುತ್ತಿದ್ದಳು. "ಕೋಲಿಗೆ ಅಂಟ್ಕಂಡು ಕೋಲಿನ ಜೊತೇಲೇ ಬತ್ತದೆ. ಬಾರವ್ವ, ಹಲ್ಲು ಕಿತ್ರಾ? ಬಾಳ ನೋಯ್ತಾ?"

"ಇಲ್ಲ."

"ನಿಂಗೇನ್ ಮಾಡಿದ್ರೂ ನೋಯಾಕಿಲ್ಲ. ಕಲ್ಲು ಕಣೆ ನೀನು. ಏನಂತೆ, ಆಯ್ತಂತಾ?"

ಮಂದಾರ ಹೇಳಿದಳು. ಅಮ್ಮ ಮೊದಲು ನಕ್ಕಳು. ಆಮೇಲೆ ಆ ದೇಶದ ಭಾಷೆಯಲ್ಲಿ ತನಗೆ ಬರುತ್ತಿದ್ದ ಮಾತುಗಳಲ್ಲಿ ಇಂಗ್ವಾರನಿಗೂ ಅವನ ಯಂತ್ರಕ್ಕೂ ಬೈದಳು. ಆಮೇಲೆ ಕೋಲು ಕೆಳಗಿಟ್ಟಳು.

"ಅಮ್ಮ, ನಾನು ದೊಡ್ಡವಳಾದಾಗ ನೀನು ಏನೇನು ತಿನ್ನಿಸಿದೆ?"

"ಅದ್ಯಾಕೆ ಈಗ?"

"ಹೇಳು."

"ಇನ್ನೇನು ತಿನ್ನುಸ್ತಾರೆ. ಎಲ್ರಿಗೂ ತಿನ್ಸಿದ್ದೇ. ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಮಾಡ್ದೆ. ಕೊಬ್ರಿ. ಮೆಂತ್ಯದ ಮುದ್ದೆ. ಒಸಗೆ ಮಾಡಕ್ಕೆ ಇಲ್ಲಿ ಯಾರಿದ್ರು, ನಾನೊಬ್ಳೇ ಆರತಿ ಎತ್ತಿ ಒಂದು ತಿಂಗ್ಳು ದಿನಾ ತಿನ್ನಿಸ್ದೆ. ನೀನು ಅತ್ಕಂಡು ಅತ್ಕಂಡು ತಿಂದೆ."

"ಎಳ್ಳು ಎಲ್ಲಿಯದು?"

"ನಿಮ್ಮಪ್ಪನ ಹೊಲದ್ದು. ಬದುವಿನ ಮೇಲೆ ಹಾಕ್ತಿದ್ರು ನಮ್ಮಣ್ಣಾರು. ರಾಗಿ ಜೊತೇಲಿ ಕಳ್ಸೋರು."

ತಾಯಿ ಮಗಳು ಇಬ್ಬರೂ ಪಾತ್ರೆಯೊಳಗಿನ ಮುದ್ದೆಯನ್ನು ನೋಡಿದರು.

ಗಂಡ ಸತ್ತ ವರ್ಷ ಕಲಾವತಿ ಒಂದು ಹಟ ಹಿಡಿದಿದ್ದಳು. ಅಪ್ಪನಿಲ್ಲದ ಕೂಸು ಅಪ್ಪನ ಪಾಲಿನ ಹೊಲದ್ದನ್ನಾದರೂ ಉಣ್ಣಲಿ, ಮೂಳೆ ಗಟ್ಟಿಯಾಗಲಿ ಎಂದು. ಇಲ್ಲಿಯ ಹಾಲು ಹಸುವಿನದಲ್ಲ, ದೊಡ್ಡ ಹಂಡೆಗಳಲ್ಲಿ ಹುದುಗು ಹಾಕಿ ಮಾಡಿದ್ದು, ಮಗು ಕುಡಿದ ಕೂಡಲೇ ಕಕ್ಕುತ್ತಿತ್ತು. ಹಾಗಾಗಿ ಬೆಳಗ್ಗೆ ರಾಗಿ ಗಂಜಿ, ಶಾಲೆಗೆ ರಾಗಿ ರೊಟ್ಟಿ, ಸಂಜೆಗೆ ಮುದ್ದೆ. ರಾಗಿ ತರುತ್ತಿದ್ದದ್ದು ಹಡಗಿನಲ್ಲಿ ಅಡುಗೆಯವನಾಗಿದ್ದ ಮರಿಯಣ್ಣ. ಊರಿನ ಕಡೆಯವನು, ಕಲಾವತಿ ಅಣ್ಣ ಎನ್ನುತ್ತಿದ್ದಳು. ಹಡಗು ಬಂದಾಗಲೆಲ್ಲ ಅವನು ಕಂಕುಳಲ್ಲಿ ದಿಂಬು ಇಟ್ಟುಕೊಂಡು ಮನೆಗೆ ಬರುತ್ತಿದ್ದ. ಮಾವನಿಗೆ ತನ್ನ ದಿಂಬಿಲ್ಲದೆ ನಿದ್ದೆ ಬರುವುದಿಲ್ಲ ಎಂದು ಮಂದಾರ ಬಹಳ ಕಾಲ ನಂಬಿದ್ದಳು. ಆ ದಿಂಬಿನೊಳಗೆ ಹತ್ತಿಯ ಬದಲು ರಾಗಿ, ಎಳ್ಳು ಇರುತ್ತಿತ್ತು.

ದಿಂಬಿನಲ್ಲಿ ತರಲು ಕಾರಣವಿತ್ತು. ಮಂದಾರ ಹುಟ್ಟುವ ಮುಂಚೆ ಯಾವುದೋ ಹೊರಗಿನ ಧಾನ್ಯದಿಂದ ಹೆಲ್ಮೋರಿನ ಗಾಜಿನ ಮನೆಗಳ ಗೋಧಿಗೆ ಕೊಳೆರೋಗ ತಗುಲಿ, ಒಂದು ಚಳಿಗಾಲವಿಡೀ ಜನ ಅರೆಹೊಟ್ಟೆಯಲ್ಲಿ ಕಳೆದಿದ್ದರು. ಅಂದಿನಿಂದ ಹೊರಗಿನ ಒಂದು ಕಾಳೂ ಪರವಾನಗಿ ಇಲ್ಲದೆ ಒಳಗೆ ಬರುವಂತಿರಲಿಲ್ಲ. ತಂದವರು ವಲಸಿಗರಾದರೆ ಅವರ ಖಾಯಂ ವಾಸ ರದ್ದು. ಕಲಾವತಿಗೆ ಇದು ಗೊತ್ತಿತ್ತು. ನಾಲ್ಕು ಹಿಡಿ ರಾಗಿಯಿಂದ ಯಾರಿಗೇನು ಎಂದುಕೊಂಡಿದ್ದಳು.

"ಹಂಗಾರೆ ನಾನೇ ಮಾಡಿದ್ದಾ ಇದು?" ಎಂದಳು ಅಮ್ಮ.

ಮಂದಾರಳಿಗೆ ವಿಚಿತ್ರವೆನಿಸಿದ್ದು ಇನ್ನೊಂದು. ಆ ಹೊಲವನ್ನು ಅವಳು ನೋಡಿರಲಿಲ್ಲ. ಮೂರು ವರ್ಷದ ಕಣ್ಣಿನಲ್ಲಿ ನೋಡಿದ್ದರೂ ಅದು ನೆನಪಿನಲ್ಲಿ ನಿಂತಿರಲಿಲ್ಲ. ಅಲ್ಲಿಯ ಮಣ್ಣು ಕೆಂಪೋ ಕಪ್ಪೋ ಅವಳಿಗೆ ತಿಳಿಯದು. ಆದರೂ ಅದು ಅವಳ ಬಾಯೊಳಗೆ ಕೂತು, ಅವಳು ನೋಡಿ ಬೆಳೆದ ಬಂದರು, ಟ್ರಾಮು, ಶಾಲೆಯ ಹಿಮ ಎಲ್ಲವನ್ನೂ ಅಲ್ಲಗಳೆಯುತ್ತಿತ್ತು.

ಮರುದಿನ ಅವಳು ಇಂಗ್ವಾರನ ಬಳಿಗೆ ಒಬ್ಬಳೇ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಉರು ಹೊಡೆದಿದ್ದಳು. ಬಾಗಿಲಲ್ಲಿ ನಿಂತ ಕೂಡಲೇ ಅದರ ಅರ್ಧ ಮರೆತಿತ್ತು.

"ಒಬ್ಬರು ಇಲ್ಲೇ ಇದ್ದುಕೊಂಡು... ಊಟ ಮಾತ್ರ ಬೇರೆ ಕಡೆಯದ್ದು ತಿಂದರೆ, ಹಲ್ಲು ಹೀಗೆ ತೋರಿಸಬಹುದಾ?"

ಇಂಗ್ವಾರ್ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟ.

"ಸಾಮಾನ್ಯವಾಗಿ ಇಲ್ಲ. ಅಕ್ಕಿಯೋ ಗೋಧಿಯೋ ತಿಂದರೆ ಇಷ್ಟು ಮೇಲೇರುವುದಿಲ್ಲ, ಅವುಗಳಲ್ಲಿ ಕ್ಯಾಲ್ಸಿಯಂ ಕಡಿಮೆ. ಕ್ಯಾಲ್ಸಿಯಂ ತುಂಬಿ ತುಳುಕುವ ಕಾಳು ಯಾವುದಾದರೂ ಇದ್ದು, ಅದನ್ನೇ ದಿನವೂ ತಿಂದು, ಇಲ್ಲಿಯ ಹಾಲು ಮುಟ್ಟದೆ ಇದ್ದರೆ..." ಅವನು ಅವಳ ಮುಖ ನೋಡಿದ. "ಅಂಥ ಕಾಳು ಇದೆಯಾ?"

ಮಂದಾರ ನೆಲ ನೋಡಿದಳು.

ಅವನು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ. "ನೋಡಿ, ಆಹಾರದ ಆಕ್ಷೇಪಣೆ ಅಂತ ಒಂದು ನಿಯಮ ಇದೆ. ಯಾವ ಆಹಾರ, ಯಾವ ಪರವಾನಗಿಯ ಮೇಲೆ, ಯಾರು ತಂದರು ಎಂದು ತೋರಿಸಬೇಕು. ಪರವಾನಗಿ ಇದ್ದರೆ ಹೇಳಿ, ನಾನೇ ಬರೆದುಕೊಡುತ್ತೇನೆ. ಇಲ್ಲದಿದ್ದರೆ ನನ್ನ ಮುಂದೆ ಇನ್ನೊಂದು ಮಾತೂ ಹೇಳಬೇಡಿ. ಹೇಳಿದರೆ ನಾನು ಅದನ್ನು ಮೇಲಕ್ಕೆ ತಿಳಿಸಬೇಕು. ಆ ಚಳಿಗಾಲದಲ್ಲಿ ನಮ್ಮ ಅಜ್ಜಿ ತೀರಿಕೊಂಡರು. ನಾನು ತಿಳಿಸಿಯೇ ತಿಳಿಸುತ್ತೇನೆ."

ಅವನು ಗದರಿರಲಿಲ್ಲ. ಗದರಿದ್ದರೆ ಅವನ ಮೇಲೆ ಸಿಟ್ಟಾಗಬಹುದಿತ್ತು. ಮಂದಾರ ಎಂದಿನಂತೆ "ಕ್ಷಮಿಸಿ" ಎಂದಳು.

"ನಾನು ಬರೆದಿಟ್ಟ ಡೈರಿಗಳಿವೆ. ಒಂಬತ್ತನೇ ವಯಸ್ಸಿನಿಂದ. ದಿನದಿನದ್ದೂ," ಎಂದು ಸೇರಿಸಿದಳು. ಹೇಳುತ್ತಿದ್ದಂತೆಯೇ ತನ್ನ ಮಾತು ಎಷ್ಟು ಬಡಪಾಯಿಯದೆಂದು ಅವಳಿಗೇ ಕೇಳಿಸಿತು. ದಾಖಲೆ ಭಂಡಾರದಲ್ಲಿ ಕೆಲಸ ಮಾಡುವವಳು ಅವಳು. ಯಾರೂ ಸಾಕ್ಷಿಯೆಂದು ಕೇಳಿಕೊಂಡು ಬಾರದ ಕಾಗದಗಳ ಧೂಳು ಒರೆಸುವವಳು.

"ಚೆನ್ನಾಗಿರಬಹುದು. ಇಟ್ಟುಕೊಳ್ಳಿ," ಎಂದ ಇಂಗ್ವಾರ್.

ಮರಿಯಣ್ಣ ಮಾವ ಹಡಗಿನ ಕೆಲಸ ಬಿಟ್ಟು ಬಂದರಿನ ಬದಿಯಲ್ಲೇ ನೆಲೆಸಿದ್ದ. ಕರೆ ಹೋದ ಕೂಡಲೇ ಬಂದ. ಆಗಲೇ ವಿಚಾರಿಸಿಕೊಂಡೂ ಬಂದಿದ್ದ. ಮೀಸೆ ತಿರುವಿ, ಬಾಗಿಲಲ್ಲೇ ಶುರುಮಾಡಿದ.

"ಏನಮ್ಮಣ್ಣಿ, ನಿನ್ನ ಹಲ್ಲಿಗೆ ಊರಿನ ದಾರಿ ಗೊತ್ತಂತೆ! ನಾನು ಅರವತ್ತು ವರ್ಷ ಆದೋನು, ಬಸ್ ಇಳಿದು ಎಡಕ್ಕೋ ಬಲಕ್ಕೋ ಅಂತ ಕೇಳ್ಕಂಡು ಹೋಗ್ಬೇಕು."

"ನಗ್ಬ್ಯಾಡ ಸುಮ್ಕಿರಣ್ಣ," ಎಂದಳು ಕಲಾವತಿ. "ನಾನೇ ಹೋಗಿ ಹೇಳ್ತೀನಿ. ನಾನ್ ತರ್ಸಿದ್ದು, ನಾನ್ ತಿನ್ಸಿದ್ದು. ನನ್ನ ಕಳುಸ್ಲಿ ಊರಿಗೆ. ಮಗು ಇಲ್ಲಿರ್ಲಿ."

"ಹೇಳ್ತೀಯಾ. ಹೇಳಿದ್ರೆ ನಂಬ್ತಾರೆ ಅಂತ ಯಾರಂದ್ರು? ಆ ರಾಗಿ ಎಲ್ಲೈತೆ ಈಗ ತೋರ್ಸಕ್ಕೆ? ನಾವು ಹೊಳೆಗೆ ಹಾಕಿದ್ವಾ, ಹೊಟ್ಟೆಗೆ ಹಾಕಿದ್ವಿ. ನಂಬದೆ ಇದ್ರೆ ಅವಳೂ ಹೋದ್ಲು, ನೀನೂ ಹೋದೆ. ನಂಬಿದ್ರೆ ನೀನು ಹೋದೆ, ನಿನ್ನ ಜೊತೆಗೆ ನಾನೂ ಗಂಟುಮೂಟೆ ಕಟ್ಟಿದೆ." ಮರಿಯಣ್ಣ ಈಗ ನಗುತ್ತಿರಲಿಲ್ಲ. "ನೆಲೆ ಇಲಾಖೇಲಿ ಒಂದು ದಾರಿ ಐತಂತೆ. ಗೈರುಹಾಜರಿ ಒಪ್ಕಳದು. ಹೌದು ಸ್ವಾಮಿ, ಆ ವರ್ಷಗಳು ನಾನು ಇಲ್ಲಿರ್ಲಿಲ್ಲ, ಊರಲ್ಲಿದ್ದೆ, ಅಂತ ಒಂದು ಮಾತು. ಹೊಸದಾಗಿ ಬಂದೋಳು ಅಂತ ಐದು ವರ್ಷದ ಪರ್ಮಿಟ್ಟು ಕೊಡ್ತಾರೆ. ಆಮೇಲೆ ಇನ್ನೊಂದ್ಸಲ. ನಿನ್ನ ತಂಟೆಗೆ ಬರಾಕಿಲ್ಲ."

"ಐದು ವರ್ಷ ಆದ್ಮೇಲೆ ಕೊಡಲಿಲ್ಲ ಅಂದ್ರೆ?" ಎಂದಳು ಮಂದಾರ.

"ಅವಾಗಿನ ಕತೆ ಅವಾಗ. ಈಗ ತಲೆ ಉಳಿಸ್ಕಳಣ."

ಕಲಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಯಾರನ್ನೂ ನೋಡದೆ ಕೇಳಿದಳು.

"ಇವಳು ಇಲ್ಲಿರ್ಲೇ ಇಲ್ಲ ಅಂತಂದ್ರೆ, ನಾನು ಸಾಕಿದ್ದು ಯಾರ್ನ?"

ಮಂದಾರ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರು ಸುಮ್ಮನೆ ಹರಿಯಲು ಬಿಟ್ಟು ನಿಂತಳು. ಅವಳಿಗೆ ಎರಡು ದಾರಿಗಳೂ ಕಾಣುತ್ತಿದ್ದವು. ಎರಡರ ಕೊನೆಯಲ್ಲೂ ಅಮ್ಮ ಇರಲಿಲ್ಲ. ಒಂದರಲ್ಲಿ ಅಮ್ಮನನ್ನು ಹಡಗು ಹತ್ತಿಸಬೇಕು. ಇನ್ನೊಂದರಲ್ಲಿ ಅಮ್ಮ ತಲೆ ಬಾಚಿದ, ಬೈದ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ ಹುಡುಗಿಯನ್ನೇ ಇಲ್ಲವಾಗಿಸಬೇಕು. ಮೊದಲನೆಯದು ಸಾಧ್ಯವಿಲ್ಲ. ಎರಡನೆಯದಾದರೆ ಬರೀ ಮಾತು. ಮಾತು ತಾನೇ? ತನ್ನ ಬಾಯಿಂದ ಇಷ್ಟು ವರ್ಷ "ಇಲ್ಲ", "ಪರವಾಗಿಲ್ಲ", "ಆಗಲಿ" ಎಂದು ಎಷ್ಟು ಸುಳ್ಳುಗಳು ಹೊರಟಿಲ್ಲ. ಅವುಗಳ ಜೊತೆಗೆ ಇನ್ನೊಂದು.

ಒಳಗೆ ಬಂದು, "ಆಗಲಿ ಮಾವ," ಎಂದಳು.

ವಿಚಾರಣೆಯ ದಿನದ ತನಕ ಅವರು ಮನೆಯಲ್ಲಿ ಸುಳ್ಳನ್ನು ಅಭ್ಯಾಸ ಮಾಡಿದರು. ಮರಿಯಣ್ಣ ಅಧಿಕಾರಿಯಾಗಿ ಕುರ್ಚಿಯ ಮೇಲೆ ಕೂರುತ್ತಿದ್ದ. "ನಿಮ್ಮ ಮಗಳು ಊರಲ್ಲಿ ಯಾರ ಮನೇಲಿದ್ಲು?" "ನಮ್ಮಣ್ಣನ ಮನೇಲಿ." "ಅಲ್ಲಿ ಏನು ಮಾಡ್ತಿದ್ಲು?" "ಓದ್ತಿದ್ಲು." "ಯಾಕೆ ಕಳಿಸಿದ್ರಿ?" "ಅಪ್ಪ ಸತ್ತೋಗಿದ್ದ, ಸಾಕಕ್ಕಾಗ್ದೆ." ಸಾಕಲು ಆಗದೆ ಎಂಬಲ್ಲಿ ಕಲಾವತಿ ಪ್ರತಿಸಲವೂ ತಡವರಿಸುತ್ತಿದ್ದಳು. ಮರಿಯಣ್ಣ "ಹಾಂ, ಅಲ್ಲಿ ಎಡವ್ಬಾರ್ದು," ಎಂದು ಮತ್ತೆ ಹೇಳಿಸುತ್ತಿದ್ದ.

ಮಂದಾರ ದಿನವೂ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಟ್ರಾಮಿನ ಕಿಟಕಿಯಿಂದ ತನ್ನ ಶಾಲೆ ಕಂಡಾಗ ಅಭ್ಯಾಸಕ್ಕೆಂದು ಮನಸ್ಸಿನಲ್ಲೇ ಹೇಳಿಕೊಂಡಳು: ಇಲ್ಲಿ ನಾನು ಓದಲಿಲ್ಲ. ಬಂದರಿನ ಮೆಟ್ಟಿಲು ಕಂಡಾಗ: ಇಲ್ಲಿ ನಾನು ಜಾರಿ ಬಿದ್ದು ಮೊಣಕೈ ಮುರಿದುಕೊಳ್ಳಲಿಲ್ಲ. ಒಂದು ದಿನ ಸ್ಮಶಾನದ ಕಂಪೌಂಡು ಹಾದು ಹೋಯಿತು. ಪ್ರತಿ ವರ್ಷ ಅಪ್ಪ ಸತ್ತ ದಿನ ಅಮ್ಮನ ಕೈ ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ಅಂದು ಏನನ್ನೂ ಹೇಳಿಕೊಳ್ಳಲಾಗದೆ ಮುಂದಿನ ನಿಲ್ದಾಣದಲ್ಲೇ ಇಳಿದು ನಡೆದುಕೊಂಡು ಮನೆಗೆ ಬಂದಳು.

ವಿಚಾರಣೆಯ ಕೋಣೆ ಅವಳು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ಮರದ ಮೇಜು, ಹೂಕುಂಡ, ಗೋಡೆಯ ಮೇಲೆ ದ್ವೀಪದ ಚಿತ್ರ. ಅಧಿಕಾರಿ ಸಿಗ್ನೆ ಎಂಬ ಹೆಂಗಸು. ಅಮ್ಮನ ವಯಸ್ಸಿನವಳು, ಮೃದು ಮಾತಿನವಳು. ಕಲಾವತಿ ದಪ್ಪ ಕೋಟಿನ ಕೆಳಗೆ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಅವಳ ಎದುರು ಮಾತು ತರ್ಜುಮೆ ಮಾಡುವ ಪುಟ್ಟ ಡಬ್ಬಿ ಇಟ್ಟರು. ಅದು ಕನ್ನಡ ಕೇಳಿಸಿಕೊಂಡು ಆ ನಾಡಿನ ಭಾಷೆಯಲ್ಲಿ, ಆ ನಾಡಿನ ಭಾಷೆ ಕೇಳಿಸಿಕೊಂಡು ಕನ್ನಡದಲ್ಲಿ, ಒಂದೇ ಸಪ್ಪೆ ದನಿಯಲ್ಲಿ ಒಪ್ಪಿಸುತ್ತಿತ್ತು. ಮರಿಯಣ್ಣನನ್ನು ಒಳಗೆ ಬಿಡಲಿಲ್ಲ.

ಸಿಗ್ನೆ ಮೊದಲೇ ಸಮಾಧಾನ ಹೇಳಿದಳು. "ಹೆದರಬೇಡಿ. ಹಲ್ಲಿನ ವರದಿಯ ಜೊತೆ ನಿಮ್ಮ ಹೇಳಿಕೆ ಹೊಂದಿದರೆ ಸಾಕು, ಇವತ್ತೇ ಮುಗಿಯುತ್ತದೆ. ಹೊಂದದಿದ್ದರೆ ಮಾತ್ರ ಮುಂದಿನ ತನಿಖೆ. ಮೊದಲು ತಾಯಿಯವರು." ಅವಳು ಪರದೆ ನೋಡಿದಳು. "ನಿಮ್ಮ ಮಗಳ ಎಂಟನೇ ವಯಸ್ಸಿನಿಂದ ಹದಿನಾಲ್ಕರವರೆಗೆ, ಅವಳು ಹೆಲ್ಮೋರಿನಲ್ಲಿ ಇದ್ದಳೇ?"

ಡಬ್ಬಿ ಕನ್ನಡದಲ್ಲಿ ಕೇಳಿತು.

"ಇರ್ಲಿಲ್ಲ," ಎಂದಳು ಕಲಾವತಿ. "ಊರಲ್ಲಿ, ನಮ್ಮಣ್ಣನ ಮನೇಲಿದ್ಲು."

"ಯಾಕೆ ಕಳಿಸಿದಿರಿ?"

"ಅವರಪ್ಪ ಸತ್ತೋಗಿದ್ರು." ತಡವರಿಸಲಿಲ್ಲ. "ಸಾಕಕ್ಕೆ ಆಗ್ಲಿಲ್ಲ ನನ್ ಕೈಲಿ."

ಮಂದಾರ ಮೇಜಿನ ಮರದ ಗೆರೆಗಳನ್ನು ನೋಡುತ್ತಿದ್ದಳು. ಅಮ್ಮ ಎಡವಿರಲಿಲ್ಲ. ಎಡವಿದ್ದರೆ ಚೆನ್ನಾಗಿತ್ತು ಎನಿಸಿತು.

ಸಿಗ್ನೆ ಬರೆದುಕೊಂಡಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳು ಪೆನ್ನು ಕೆಳಗಿಟ್ಟು, ಅಧಿಕಾರಿಯ ದನಿ ಬಿಟ್ಟು, ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸನ್ನು ಕೇಳುವ ಹಾಗೆ ಕೇಳಿದಳು. "ಗಂಡನೂ ಇಲ್ಲ, ಮಗುವೂ ಇಲ್ಲ. ಅಷ್ಟು ವರ್ಷ ಒಬ್ಬರೇ ಹೇಗ್ರೀ ಇದ್ದಿರಿ?"

ಈ ಪ್ರಶ್ನೆಯನ್ನು ಮರಿಯಣ್ಣ ಕೇಳಿರಲಿಲ್ಲ. ಕಲಾವತಿ ಮಗಳ ಕಡೆ ತಿರುಗಿದಳು. ಆಮೇಲೆ ಡಬ್ಬಿಯ ಕಡೆ ನೋಡುತ್ತ ನಿಧಾನವಾಗಿ ಹೇಳತೊಡಗಿದಳು.

"ಇದ್ದೆ ಕಣವ್ವ. ಏನ್ ಮಾಡದು. ಒಬ್ಳೇ ಏಳ್ತಿದ್ದೆ, ಒಬ್ಳೇ ಕೆಲ್ಸಕ್ಕೆ ಹೋಗ್ತಿದ್ದೆ. ಬರೋ ಹೊತ್ಗೆ ಮನೆ ತಣ್ಣಗಿರದು. ಒಬ್ಳಿಗೆ ಅಂತ ಯಾರು ಒಲೆ ಹಚ್ತಾರೆ, ಎಷ್ಟೋ ದಿನ ನೀರು ಕುಡ್ದು ಮಲೀಕಳದು. ಹಬ್ಬ ಬಂದ್ರೂ ಒಂದೇ ತಟ್ಟೆ. ಮಾತಾಡಕ್ಕೆ ಯಾರೂ ಇರ್ಲಿಲ್ಲ. ಗೋಡೆ ಜೊತೇಲಿ ಮಾತಾಡ್ಕಂಡು..."

ಡಬ್ಬಿ ಅವಳ ಬೆನ್ನಿಗೇ ಒಪ್ಪಿಸುತ್ತ ಹೋಯಿತು. ಒಂದೇ ತಟ್ಟೆ. ಯಾರೂ ಇರಲಿಲ್ಲ. ಗೋಡೆಯ ಜೊತೆ. ಸಿಗ್ನೆಯ ಕಣ್ಣು ತುಂಬಿತು. ಅವಳು ನೀರಿನ ಲೋಟವನ್ನು ಕಲಾವತಿಯ ಕಡೆಗೆ ಸರಿಸಿದಳು.

ಸುಳ್ಳು ಹೇಳಲು ಬಾರದ ಅಮ್ಮ ಇಷ್ಟು ಚೆನ್ನಾಗಿ ಹೇಗೆ ಹೇಳುತ್ತಿದ್ದಾಳೆಂದು ಮಂದಾರಳಿಗೆ ಗೊತ್ತಾಯಿತು. ಅಮ್ಮ ಕಟ್ಟಿ ಹೇಳುತ್ತಿರಲಿಲ್ಲ. ಮಗಳಿರದಿದ್ದರೆ ತನ್ನ ಮನೆ ಹೇಗಿರುತ್ತಿತ್ತೋ ಅದರ ಒಳಗೆ ಹೋಗಿ, ಒಂದೊಂದೇ ಕೋಣೆಯ ಬಾಗಿಲು ತೆಗೆದು, ಕಂಡದ್ದನ್ನು ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಆ ಮನೆಯಲ್ಲೇ ಉಳಿದುಬಿಡುವಂತೆ ಕಂಡಳು.

"ನಿಮ್ಮ ತಾಯಿಯವರ ಹೇಳಿಕೆ ವರದಿಯ ಜೊತೆ ಹೊಂದುತ್ತದೆ," ಎಂದಳು ಸಿಗ್ನೆ, ಮಂದಾರಳ ಕಡೆ ತಿರುಗಿ. "ನೀವು ಒಪ್ಪುತ್ತೇನೆ ಎಂದರೆ ಸಾಕು. ಆ ವರ್ಷಗಳಲ್ಲಿ ಅವರು ಇಲ್ಲಿ ಒಬ್ಬರೇ ಇದ್ದರು. ಸರಿ ತಾನೇ?"

ಅಮ್ಮ ಮೇಜಿನ ಕೆಳಗೆ ಅವಳ ಮೊಣಕಾಲನ್ನು ಒತ್ತಿದಳು. ಹೂಂ ಅನ್ನು ಎಂದು. ಬಾಗಿಲಾಚೆ ಮರಿಯಣ್ಣನ ಬೂಟಿನ ಸದ್ದು ಅತ್ತಿಂದಿತ್ತ ನಡೆದಾಡುತ್ತಿತ್ತು. ಮಂದಾರಳ ನಾಲಗೆಯ ತುದಿಗೆ "ಹೌದು" ಬಂದು ಕೂತಿತ್ತು, ಜೀವಮಾನವಿಡೀ ಬಂದು ಕೂತ ಹಾಗೆಯೇ, ಸಲೀಸಾಗಿ. ಅದನ್ನು ಬಿಟ್ಟರೆ ಎಲ್ಲರೂ ಮನೆಗೆ ಹೋಗಬಹುದಿತ್ತು.

ಅವಳು ಸಿಗ್ನೆಯನ್ನು ನೋಡಲಿಲ್ಲ. ಅಮ್ಮನ ಕಡೆ ತಿರುಗಿದಳು. ಆ ನಾಡಿನ ಭಾಷೆ ಅವಳಿಗೆ ನೀರು ಕುಡಿದಷ್ಟು ಸುಲಭವಾಗಿದ್ದರೂ, ಡಬ್ಬಿಗೆ ಚೆನ್ನಾಗಿ ಕೇಳಿಸುವಷ್ಟು ಗಟ್ಟಿಯಾಗಿ, ಕನ್ನಡದಲ್ಲೇ ಹೇಳಿದಳು.

"ನೀನು ಒಬ್ಬಳೇ ಇರಲಿಲ್ಲ ಅಮ್ಮ. ನಾನಿದ್ದೆ."